ಗುರುವಾರ ಒಂಬತ್ತರ ಕಣ್ಣೀರು

ಬರ್ಬ್ಯಾಂಕ್ ಊರಿನ ಆ ಟಿವಿ ಸ್ಟುಡಿಯೊದಲ್ಲಿ ಮೊದಲು ನಮ್ಮ ಧಾರಾವಾಹಿಯ ಅಗ್ನಿಶಾಮಕ ಠಾಣೆಯ ಸೆಟ್ ಇತ್ತು. ಆ ಧಾರಾವಾಹಿಯನ್ನು ವರ್ಷಗಟ್ಟಲೆ ಬರೆದವಳು ನಾನು. ಗುರುವಾರ ರಾತ್ರಿ ಒಂಬತ್ತಕ್ಕೆ ದೇಶವೆಲ್ಲ ನೋಡುತ್ತಿತ್ತು. ಚಾನೆಲ್ಲಿನ ಮುಖ್ಯಸ್ಥ ಗ್ಯಾರೆಟ್ ಅದನ್ನು ನಿಲ್ಲಿಸಿದ.

“ಬರೆದ ಕಥೆ ಜನಕ್ಕೆ ಸಾಕಾಗಿದೆ, ಲೊರೇನ್. ಅವ್ರಿಗೆ ನಿಜ ಬೇಕು,” ಎಂದ. ಗುರುವಾರದ ಅದೇ ಹೊತ್ತಿಗೆ ಅಡುಗೆ ಸ್ಪರ್ಧೆಯ ಕಾರ್ಯಕ್ರಮ ಬಂತು.

ಸ್ಪರ್ಧೆ ಶುರುವಾಗಿ ಕೆಲವು ವಾರಕ್ಕೇ ಅವನ ಫೋನು. ಹೋದೆ. ಠಾಣೆ ಕಿತ್ತ ಜಾಗದಲ್ಲಿ ಸಾಲು ಒಲೆಗಳು. ಸೋತ ಟೆಸ್ಸಾ ಎಂಬ ಹುಡುಗಿ ಕ್ಯಾಮೆರಾ ಮುಂದೆ ಮಾತು ಹೊರಡದೆ ನಿಂತಿದ್ದಳು.

“ಏನು ಹೇಳ್ಬೇಕು ಅಂತ ಅವಳ ಕಿವೀಲಿ ಹೇಳು,” ಎಂದ ಗ್ಯಾರೆಟ್. “ ಕಾಗದದ ಮೇಲೆ ಮಾತ್ರ ಬೇಡ. ಬರೆದ್ರೆ ಬರಹಗಾರ್ತಿ ಅಂತ ಹೆಸರು, ಸಂಬಳ ಕೊಡು ಅಂತ ನಿಮ್ಮ ಬರಹಗಾರರ ಸಂಘ ನನ್ನನ್ನ ಬಿಡಲ್ಲ.”

“ಅಂದ್ರೆ ನಾನು ಬರೀಬೇಕು, ಆದ್ರೆ ಬರಹಗಾರ್ತಿ ಅನ್ನಿಸ್ಕೋಬಾರ್ದು?”

“ಕೋಪ ಯಾಕೆ? ಹೇಗೂ ಕೆಲ್ಸ ಇಲ್ದೆ ಕೂತಿದೀಯಲ್ಲ.”

ಮೈಯೆಲ್ಲ ಉರಿಯಿತು. ಆದರೆ ತನ್ನ ಅಪ್ಪ ಈಚೆಗಷ್ಟೇ ತೀರಿಕೊಂಡನೆಂದು ಟೆಸ್ಸಾ ಹೇಳಿದಾಗ ಮನಸ್ಸು ತಡೆಯಲಿಲ್ಲ. ಪ್ರಸಾರವಾಗದೇ ಉಳಿದ ನಮ್ಮ ಕೊನೆಯ ಕಂತಿನಲ್ಲಿ ವಿಧವೆಯೊಬ್ಬಳಿಗೆ ಬರೆದ ಮಾತನ್ನು ಅವಳಿಗೆ ಹೇಳಿಕೊಟ್ಟೆ.

“ಅಪ್ಪ ಹೋದ್ಮೇಲೂ ನಾನು ಇಬ್ಬರಿಗೇ ಅಡುಗೆ ಮಾಡ್ತಿದೀನಿ,” ಎನ್ನುತ್ತ ಟೆಸ್ಸಾ ಕ್ಯಾಮೆರಾ ಮುಂದೆ ನಿಜವಾಗಿಯೇ ಅತ್ತುಬಿಟ್ಟಳು.

ಗ್ಯಾರೆಟ್ ಅಂದು ಚಿತ್ರೀಕರಣ ನೋಡಲು ಬಂದಿದ್ದ ಪತ್ರಕರ್ತರ ಮುಂದೆ ಕಣ್ಣೊರೆಸಿಕೊಂಡ. “ನೋಡಿದ್ರಾ? ಇಂಥ ಮಾತನ್ನ ಯಾವ ಬರಹಗಾರನ ಕೈಲೂ ಬರೆಯೋಕಾಗಲ್ಲ!”

ಗುರುವಾರ ಟಿವಿಯಲ್ಲಿ ಕಾರ್ಯಕ್ರಮದ ಕೊನೆಗೆ ಸರಿದ ಹೆಸರುಗಳ ನಡುವೆ ನನ್ನದನ್ನು ಹುಡುಕಿದೆ. ಇತ್ತು. ಮೊಟ್ಟೆ ಬೇಯಿಸಲೂ ಬಾರದ ನಾನು ‘ಅಡುಗೆ ಸಹಾಯಕಿ’ಯಾಗಿದ್ದೆ.