ಬೆನಕಪ್ಪನವರ ಕಪ್ಪು ದಾರ

ಬೆನಕಪ್ಪನವರನ್ನು ಅಪ್ಪಿಕೊಳ್ಳುವ ಧೈರ್ಯ ಕಡೂರಿನಲ್ಲಿ ಯಾರಿಗೂ ಇರಲಿಲ್ಲ. ಅವರ ಖಾಕಿ ಕೋಟಿನ ಕಾಲರಿನ ಎರಡೂ ಬದಿಯಲ್ಲಿ ಗುಂಡುಸೂಜಿಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಮದುವೆಗೆ ಹೋದರೂ ಅದೇ ಕೋಟು, ಮಠಕ್ಕೆ ಹೋದರೂ ಅದೇ ಕೋಟು. "ಒಗೆಯೋಕೆ ಹೋದ್ರೆ ಕೈಯೆಲ್ಲಾ ರಕ್ತ ಕಣ್ರೀ, ಇವರ ಜತೆ ಹೆಂಗೆ ಸಂಸಾರ ಮಾಡ್ತಿದೀನೋ ಆ ಶಿವನಿಗೇ ಗೊತ್ತು" ಎಂದು ಅವರ ಮಡದಿ ವಿಮಲಮ್ಮ ಗೊಣಗುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಅವರ ಮನೆಯ ಮುಂಭಾಗದಲ್ಲಿ ಬಾಡಿಗೆಗಿದ್ದ ನನಗೂ ಆ ಸೂಜಿಗಳ ಭಯವಿತ್ತು.

ಬೇಸಾಯದ ಕಚೇರಿಯೊಂದರಲ್ಲಿ ಅವರದು ಬೆಳೆಯ ಇಳುವರಿ ಅಳೆಯುವ ಉದ್ಯೋಗ. ನಡುಮನೆಯ ಗೋಡೆಗೊಂದು ದೊಡ್ಡ ಹಲಗೆ. ಅದರ ಬುಡದುದ್ದಕ್ಕೂ ಎಡದಿಂದ ಬಲಕ್ಕೆ ಹೊಲಕ್ಕೆ ಹಾಕಿದ ಗೊಬ್ಬರದ ಅಳತೆ, ಕೆಳಗಿನಿಂದ ಮೇಲಕ್ಕೆ ಬೆಳೆದ ರಾಗಿಯ ಅಳತೆ. ಅಳೆದ ಪ್ರತಿ ಹೊಲಕ್ಕೂ ಒಂದು ಸೂಜಿ. ಚೆದುರಿದ ಆ ಸೂಜಿಗಳ ನಡುವೆ, ಎಲ್ಲಕ್ಕೂ ಆದಷ್ಟು ಸಮೀಪವಾಗಿ ಹಾಯುವಂತೆ ಲೆಕ್ಕ ಹಾಕಿ, ಕಪ್ಪು ದಾರವೊಂದನ್ನು ಬಿಗಿಯುತ್ತಿದ್ದರು. ಹೊಸ ಸೂಜಿ ಬಂದಾಗಲೆಲ್ಲ ಮತ್ತೆ ಲೆಕ್ಕ, ಮತ್ತೆ ದಾರ. ಗುಂಪಿನೊಳಗೆ ಬಿದ್ದ ಸೂಜಿಗೆ ದಾರ ಕದಲುತ್ತಲೇ ಇರಲಿಲ್ಲ. ಆಗ ಎಡಗಣ್ಣು ಮುಚ್ಚಿ, ತಲೆ ವಾಲಿಸಿ, "ಹ್ಞೂಂ, ಒಪ್ಕೊಂತು" ಎನ್ನುತ್ತಿದ್ದರು. ಸಾರಿನ ಉಪ್ಪು ನೋಡಿದಾಗಲೂ ಅದೇ ಮಾತು.

ದಾರ ಠೀವಿಯಿಂದ ಮೇಲೇರುತ್ತಿತ್ತು: ಗೊಬ್ಬರ ಹೆಚ್ಚಿದಂತೆ ರಾಗಿಯೂ ಹೆಚ್ಚು. ಮೇಲಧಿಕಾರಿ ಕೃಷ್ಣಸ್ವಾಮಿಯವರಿಗೆ ಪರಮಾನಂದ. ತರೀಕೆರೆಯ ರೈತಸಭೆಯಲ್ಲಿ ಹಲಗೆಯನ್ನಿಟ್ಟು ಇಡೀ ಸೀಮೆಗೆ ಅದನ್ನೇ ಸಲಹೆಯಾಗಿ ಸಾರುವುದೆಂದೂ ಬೆನಕಪ್ಪನವರಿಗೆ ಬಡ್ತಿ ಕೊಡಿಸುವುದೆಂದೂ ನಿಶ್ಚಯವಾಯಿತು. ಅಷ್ಟರಲ್ಲಿ ದನ ಮೇಯುವ ಎಮ್ಮೆದೊಡ್ಡಿ ಕಾವಲಿನಂಚಿನಲ್ಲಿ ಹೊಲವಿದ್ದ ಲಿಂಗಮ್ಮ ಸಂತೆಯಲ್ಲಿ ಇವರನ್ನು ತಡೆದು, "ಜೀಪು ಬರೋ ಹೊಲಾನೇ ಅಳೀತೀರಲ್ಲ ಸ್ವಾಮಿ, ನಮ್ದೇನು ಹೊಲ ಅಲ್ವಾ?" ಎಂದಳು. ನಿಜವೇ; ಅಳೆದದ್ದೆಲ್ಲ ರಸ್ತೆ ಬದಿಯ, ಕೆರೆಯ ನೀರು ಕಂಡ ನೆಲ. ಆ ಸುಗ್ಗಿಯಲ್ಲೇ ಬೆನಕಪ್ಪನವರು ಕಾವಲಿನತ್ತ ನಡೆದುಹೋದರು. ಚೀಲಗಟ್ಟಲೆ ಗೊಬ್ಬರ ಸುರಿದಿದ್ದ ಕಲ್ಲುನೆಲದಲ್ಲಿ ನೀರಿಲ್ಲದೆ ಪೈರು ಸೀದುಹೋಗಿತ್ತು. ಹಲಗೆಯ ಬಲತುದಿಯ ತಳದಲ್ಲಿ, ಗುಂಪಿನಿಂದ ಬಹುದೂರದಲ್ಲಿ, ಕೆಲವೇ ಸೂಜಿಗಳು ಕೂತವು. ವರ್ಷಗಟ್ಟಲೆ ತಾವೇ ಸಾಕಿದ ದಾರದ ತುದಿಯನ್ನು ಅವರು ತಮ್ಮ ಕೈಯಾರೆ ಕೆಳಗಿಳಿಸಿದರು. ಗೆರೆ ಬಹುಪಾಲು ಮಲಗಿಬಿಟ್ಟಿತು.

ಸಭೆಯ ಬೆಳಿಗ್ಗೆ ಕೃಷ್ಣಸ್ವಾಮಿಯವರು ಆ ಸೂಜಿಗಳನ್ನು ಕಿತ್ತು ಜೇಬಿಗಿಳಿಸಿ, ದಾರವನ್ನು ಮೊದಲಿನಂತೆ ಏರಿಸಿ ಕಟ್ಟಿಸಿದರು. "ನಾಲ್ಕು ಹೊಲಕ್ಕೋಸ್ಕರ ಇಡೀ ಗೆರೆ ಕೆಡಿಸ್ತೀರೇನ್ರೀ?" ಎಂದು ಗದರಿದರು. ಸಭೆ ತುಂಬಿದ ಮೇಲೆ ಬೆನಕಪ್ಪನವರು ಎಂದಿನ ಅವಸರವಿಲ್ಲದ ನಡಿಗೆಯಲ್ಲಿ ವೇದಿಕೆ ಹತ್ತಿ, ಕಾಲರಿನಿಂದ ಒಂದೊಂದೇ ಸೂಜಿ ತೆಗೆದು ಅದೇ ಜಾಗಗಳಲ್ಲಿ ಚುಚ್ಚಿ, ದಾರ ಬಿಚ್ಚಿ ಕೆಳಗೆ ಕಟ್ಟಿದರು.

"ಸೂಜಿ ಕೀಳ್ಬೋದು ಸಾರ್, ಹೊಲ ಕೀಳೋಕಾಗುತ್ತಾ? ಆ ಗೆರೆ ನಂಬ್ಕೊಂಡು ಒಣನೆಲದೋರು ಗೊಬ್ಬರ ಸುರುದ್ರೆ, ಅವರ ಮನೆ ಮುಂದೆ ನೀವು ಹೋಗಿ ನಿಂತ್ಕೊತೀರಾ?"

ಅವರ ಜತೆ ತರೀಕೆರೆಗೆ ಹೋಗಿದ್ದ ನಾನು ಹಿಂದಿನ ಸಾಲಿನಿಂದ ಇದನ್ನೆಲ್ಲ ನೋಡುತ್ತಿದ್ದೆ.

ಬಡ್ತಿ ಹೋಯಿತು; ಅಜ್ಜಂಪುರಕ್ಕೆ ವರ್ಗವಾಯಿತು. ಸಾಮಾನಿನ ಲಾರಿಯಲ್ಲಿ, ಯಾರೂ ಅಪ್ಪಿಕೊಳ್ಳದ ಆ ಕೋಟು ತೊಟ್ಟು ಹಲಗೆಯನ್ನು ತಬ್ಬಿಕೊಂಡು ಕೂತಿದ್ದವರಿಗೆ, "ಇನ್ನಾದ್ರೂ ಇದನ್ನ ಬಿಡಿ" ಎಂದೆ. "ಅಲ್ಲಿ ಎರೆನೆಲ ಕಣ್ರೀ, ಇನ್ನೂ ಒಂದು ಸೂಜೀನೂ ಬಿದ್ದಿಲ್ಲ!" ಎಂದರು. ವಿಮಲಮ್ಮ ಹಣೆ ಚಚ್ಚಿಕೊಂಡರು.

ಇಂಥವರನ್ನು ಹಟಮಾರಿಗಳೆಂದು ನಾವು ಸುಲಭವಾಗಿ ಕರೆದುಬಿಡುತ್ತೇವೆ. ಗುಂಪಿನೊಳಗೆ ಮತ್ತೊಬ್ಬನಾಗಿ ಬಂದು ಸೇರುವವನಿಂದ ಲೋಕದ ಗೆರೆ ಎಳ್ಳಷ್ಟೂ ಕದಲುವುದಿಲ್ಲ. ದೂರದ ಅಂಚಿನಲ್ಲಿ ಒಂಟಿಯಾಗಿ ನಿಂತವನೇ ಅದನ್ನು ತನ್ನತ್ತ ಎಳೆಯುತ್ತಾನೆ. ಅವನನ್ನು ಕಿತ್ತು ಜೇಬಿಗಿಳಿಸುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಇರಲಿ, ಯಾವುದೋ ಕಾಲರಿನಲ್ಲಿ ಇನ್ನೊಂದು ಸೂಜಿ ಇದ್ದೇ ಇರುತ್ತದೆ.