ತೂಕ ಕೇಳುವ ಮೊದಲು

ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಹದಿನಾಲ್ಕು ಹೆಂಗಸರ ಮೇಲೆ ಸೌಭಾಗ್ಯಳದೇ ಮಾತು. ಕಡ್ಡಿ ತೆಗೆಯುವುದು, ಬಣ್ಣ ನೋಡಿ ಬೇರೆ ಮಾಡುವುದು, ಪೆಟ್ಟಿಗೆ ತುಂಬುವುದು, ಎಲ್ಲ ಅವಳು ಹೇಳಿದಂತೆ ನಡೆಯುತ್ತಿತ್ತು. ವ್ಯಾಪಾರಿ ಮಾಲಿನಲ್ಲಿ ಕೊಂಕು ತೆಗೆದರೆ ಅವನೆದುರಿಗೇ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಯಾವುದು ಹುಳಿ ಐತಿ ತೋರಸ್ರಿ" ಎನ್ನುವ ಗಟ್ಟಿಗಿತ್ತಿ. ಅಂಥವಳು ಒಂದು ವರ್ಷದಿಂದ ಮನೆಯಲ್ಲಿ ಕನ್ನಡಿಯೆದುರು ನಿಲ್ಲುವುದನ್ನೇ ಬಿಟ್ಟಿದ್ದಾಳೆಂದರೆ ಶೆಡ್ಡಿನಲ್ಲಿ ಯಾರೂ ನಂಬುತ್ತಿರಲಿಲ್ಲ.

ಎರಡನೆಯ ಹೆರಿಗೆಯ ನಂತರ ಅವಳ ಮೈ ದಪ್ಪವಾಗಿತ್ತು. ಹೊಟ್ಟೆ ಜೋತುಬಿದ್ದಿತ್ತು, ತೊಡೆಯ ಮೇಲೆ ಬಿಳಿ ಗೆರೆಗಳು ಮೂಡಿದ್ದವು. ಗಂಡನೊಡನೆ ಕೂಡುವಾಗ ನೋವು ಶುರುವಾದದ್ದೂ ಆಗಲೇ. ಮೊದಮೊದಲು ಚುಚ್ಚಿದಂತೆ, ಆಮೇಲೆ ಕೊಯ್ದಂತೆ. ಎರಡೂ ಒಟ್ಟಿಗೇ ಬಂದದ್ದರಿಂದ, ಕೆಟ್ಟಿರುವುದು ತನ್ನ ಮೈಯೇ ಎಂದು ಅವಳು ತೀರ್ಮಾನಿಸಿಬಿಟ್ಟಳು.

ಧೈರ್ಯ ಮಾಡಿ ವಿಜಯಪುರದ ಒಬ್ಬ ಡಾಕ್ಟರ ಬಳಿ ಹೋಗಿದ್ದಳು. ಅವರು ಕುರ್ಚಿಯಿಂದ ಏಳಲೇ ಇಲ್ಲ. "ತೂಕ ಎಷ್ಟು? ಎಂಬತ್ತಾರು? ಮೊದಲು ಇಪ್ಪತ್ತು ಕಿಲೋ ಇಳಿಸ್ರಿ, ಎಲ್ಲಾ ಸರಿ ಆಗ್ತದ" ಎಂದು ಮುಂದಿನವರನ್ನು ಕರೆದರು.

ಅಂದಿನಿಂದ ಸೌಭಾಗ್ಯ ಮುಂಜಾನೆ ಒಂದು ರೊಟ್ಟಿ, ಸಂಜೆಗೆ ಬರೀ ಬಿಸಿನೀರು ಎಂದು ವ್ರತ ಹಿಡಿದಳು. ಗಂಡ ಸಂಗನಬಸವ ದ್ರಾಕ್ಷಿ ಸಾಗಿಸುವ ಗಾಡಿ ಓಡಿಸುತ್ತಿದ್ದ. ಅವನು ಹೆಗಲ ಮೇಲೆ ಕೈಯಿಟ್ಟರೆ ತಲೆನೋವೆನ್ನುತ್ತಿದ್ದಳು. ಕೆಲವು ವಾರಗಳಲ್ಲಿ ಅವನು ಹಾಸಿಗೆಯನ್ನು ಪಡಸಾಲೆಗೆ ತೆಗೆದುಕೊಂಡು ಹೋದ. ಆರು ಕಿಲೋ ಇಳಿಯಿತು. ಸೀರೆಯ ನಿರಿಗೆ ಒಂದು ಹೆಚ್ಚಾಯಿತು. ಅವಳ ಅಂಜಿಕೆ ಮಾತ್ರ ಹಾಗೇ ಇತ್ತು.

ಒಂದು ಮಧ್ಯಾಹ್ನ ಪೆಟ್ಟಿಗೆ ಎತ್ತಿಡುವಾಗ ಕಣ್ಣು ಕತ್ತಲಿಟ್ಟು ಕುಸಿದಳು. ಶೆಡ್ಡಿನ ನಾಜಿಯಾ ಅವಳನ್ನು ಎಬ್ಬಿಸಿ ಹಿಂದಿನ ನೆರಳಿಗೆ ಕರೆದುಕೊಂಡು ಹೋಗಿ, ಸಕ್ಕರೆ ಹೆಚ್ಚು ಹಾಕಿದ ಚಹಾ ಕುಡಿಸಿದಳು. ನಾಜಿಯಾಗೆ ಇಪ್ಪತ್ತಾರು ವರ್ಷ, ಬಳುಕುವ ಮೈ, ಯಾವ ಬಟ್ಟೆ ತೊಟ್ಟರೂ ಒಪ್ಪುತ್ತಿತ್ತು. ಸೌಭಾಗ್ಯ ಅವಳನ್ನು ನೋಡಿ ಎಷ್ಟೋ ಸಲ ಹೊಟ್ಟೆಕಿಚ್ಚು ಪಟ್ಟಿದ್ದುಂಟು.

"ಅಕ್ಕಾ, ನೀವು ಎರಡು ತಿಂಗಳಾತು ಬುತ್ತಿ ಬಿಚ್ಚಿಲ್ಲ. ಏನಾಗೇತಿ ಹೇಳ್ರಿ."

ಸೌಭಾಗ್ಯ ಮುಖವನ್ನು ಗೋಡೆಯ ಕಡೆ ತಿರುಗಿಸಿ ಎಲ್ಲ ಹೇಳಿದಳು. ಕೊನೆಗೆ, "ನಿನ್ನಂಗ ಮೈ ಇದ್ದಿದ್ರ ನನಗ ಈ ತ್ರಾಸ ಇರ್ತಿದ್ದಿಲ್ಲ ಬೇ" ಎಂದಳು.

ನಾಜಿಯಾ ಚಹಾದ ಲೋಟ ಕೆಳಗಿಟ್ಟಳು. "ನನಗೂ ಅದ ತ್ರಾಸ ಐತ್ರಿ ಅಕ್ಕಾ. ಲಗ್ನ ಆಗಿ ನಾಕು ವರ್ಷ ಆತು. ನಾ ಕಡ್ಡಿಯಂಗ ಅದೀನಿ, ಅದಕ್ಕ ಹಿಂಗ ಆಗತೈತಿ ಅಂತ ತಿಳ್ಕೊಂಡೀನಿ. ದಿನಾ ನಿಮ್ಮನ್ನ ನೋಡಿ, ನನಗೂ ಇವರಂಗ ಮೈ ತುಂಬಿದ್ರ ಅಂತ ಅಂದ್ಕೋತೀನಿ."

ಸೌಭಾಗ್ಯ ಅವಳನ್ನೇ ನೋಡಿದಳು. ಆಮೇಲೆ ನಗು ಬಂದುಬಿಟ್ಟಿತು, ಕಣ್ಣಲ್ಲಿ ನೀರು ಬರುವಷ್ಟು.

"ನಾ ಸೊರಗಿದ್ರ ವಾಸಿ ಆಗತೈತಿ ಅಂತ ನಾ, ನೀ ಉಬ್ಬಿದ್ರ ವಾಸಿ ಆಗತೈತಿ ಅಂತ ನೀ. ಹಂಗಾರ ಇದು ದಪ್ಪ ತೆಳ್ಳಗಿಂದು ಅಲ್ಲ. ಬ್ಯಾರೆ ಏನೋ ಐತಿ. ನಡಿ, ಇಬ್ಬರೂ ಕೂಡೇ ತೋರಿಸ್ಕೊಂಡು ಬರೂನು."

ನಾಜಿಯಾಳ ತವರು ವಿಜಯಪುರದ ಜೋರಾಪುರ ಪೇಟೆಯಲ್ಲಿತ್ತು. ತವರಿಗೆ ಹೋಗುವ ನೆಪದಲ್ಲಿ ಸೋಮವಾರ ಇಬ್ಬರೂ ಬಸ್ಸು ಹತ್ತಿ, ಅಲ್ಲೇ ಹತ್ತಿರದ ಬೇರೊಂದು ದವಾಖಾನೆಗೆ ಹೋದರು. ತಲೆ ನರೆತ ಡಾಕ್ಟರಮ್ಮ ಪೆನ್ನು ಎತ್ತಿಕೊಳ್ಳುವಷ್ಟರಲ್ಲಿ ಸೌಭಾಗ್ಯ ಶೆಡ್ಡಿನ ದನಿಯಲ್ಲೇ ಹೇಳಿದಳು: "ಡಾಕ್ಟರ್ರ, ತೂಕ ಆಮ್ಯಾಲೆ ಕೇಳ್ರಿ. ಮೊದಲ ನೋವು ಎಲ್ಲೈತಿ ಕೇಳ್ರಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಎಲ್ಲೈತಿ ಹೇಳ್ರಿ, ನೋಡೂನು."

ಪರದೆಯ ಹಿಂದೆ ಮಲಗಿದಾಗ ಮಾತ್ರ ಅವಳ ಧೈರ್ಯ ಅರ್ಧಕ್ಕಿಳಿಯಿತು. ಸೆರಗಿನಿಂದ ಹೊಟ್ಟೆ ಮುಚ್ಚಿಕೊಳ್ಳುತ್ತ, "ಹೊಟ್ಟಿ ಭಾಳ ಆಗೇತ್ರಿ" ಎಂದಳು.

"ಎರಡು ಕೂಸು ಹೊತ್ತ ಹೊಟ್ಟಿ. ಇಂಥಾವು ದಿನಾ ನೋಡ್ತೀನಿ. ಉಸಿರು ಸಡಿಲ ಬಿಡ್ರಿ" ಎಂದು ಡಾಕ್ಟರಮ್ಮ ನಿಧಾನವಾಗಿ ಪರೀಕ್ಷೆ ಮಾಡಿದರು. ಹೆರಿಗೆಯಲ್ಲಿ ಹೊಲಿಗೆ ಹಾಕಿದ ಜಾಗ ಬಿಗಿಯಾಗಿ, ಗಂಟಾಗಿ ಮಾಯ್ದಿತ್ತು. ಸ್ವಲ್ಪ ಸೋಂಕೂ ಇತ್ತು. "ನೀವು ತೆಳ್ಳಗಿದ್ರೂ ಇದು ನೋಯ್ತಿತ್ತು. ಮುಲಾಮು ಕೊಡ್ತೀನಿ, ಗುಳಗಿ ಕೊಡ್ತೀನಿ. ಆರು ವಾರ ಕೂಡೂದು ಬ್ಯಾಡ, ಆಮ್ಯಾಲೆ ಬಂದು ತೋರಿಸ್ರಿ. ಉಪವಾಸ ಬಿಡ್ರಿ. ಮತ್ತ ಮನಿಯವರಿಗೆ ಹೇಳ್ರಿ, ಮುಚ್ಚಿಡಬ್ಯಾಡ್ರಿ."

ಆಮೇಲೆ ಒಳಗೆ ಹೋದ ನಾಜಿಯಾ ಬಹಳ ಹೊತ್ತಿನ ಮೇಲೆ ಹೊರಬಂದಳು. ನೋವಿನ ಹೆದರಿಕೆಗೆ ಮೈ ತಾನೇ ಬಿಗಿ ಹಿಡಿಯುತ್ತದಂತೆ, ಅದನ್ನು ಸಡಿಲ ಬಿಡುವ ವ್ಯಾಯಾಮಗಳಿವೆಯಂತೆ, ಕಲಿಸಿಕೊಟ್ಟರಂತೆ. ಬಸ್ಸಿಗೆ ಮೊದಲು ಸೌಭಾಗ್ಯ ಎರಡು ಪ್ಲೇಟು ಗಿರಮಿಟ್ಟು, ನಾಲ್ಕು ಮಿರ್ಚಿ ಭಜಿ ಹೇಳಿದಳು. ಎರಡು ತಿಂಗಳಲ್ಲಿ ಅವಳು ಹೊಟ್ಟೆ ತುಂಬ ತಿಂದದ್ದು ಅಂದೇ.

ಭಾನುವಾರ ಮಕ್ಕಳು ಆಡಲು ಹೋದಾಗ, ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದ ಗಂಡನನ್ನು ಒಳಗೆ ಕರೆದಳು. ಮುಲಾಮು, ಗುಳಿಗೆ, ಚೀಟಿ ಮೂರನ್ನೂ ಅವನ ಮುಂದಿಟ್ಟು, ಯಾವ ಮಾತನ್ನೂ ಮರೆಮಾಚದೆ ಹೇಳಿದಳು.

ಸಂಗನಬಸವ ಒದ್ದೆ ಕೈಗಳನ್ನು ಒರೆಸಿಕೊಳ್ಳುತ್ತಲೇ ಇದ್ದ. "ನಾ ಅಂದ್ರ ನಿನಗ ಹೇಸಿಕಿ ಬಂದೈತಿ ಅಂತ ತಿಳ್ಕೊಂಡಿದ್ದೆ" ಎಂದ.

"ನಿಮ್ಮ ಮ್ಯಾಲ ಅಲ್ರಿ. ನನಗ ನನ್ನ ಮೈ ಮ್ಯಾಲ ಹೇಸಿಕಿ ಬಂದಿತ್ತು."

"ನಿನ್ನ ಮೈಗೆ ಏನಾಗೇತಿ? ನನಗಂತೂ ಮೊದಲಿನಂಗ ಕಾಣಸ್ತೈತಿ."

"ಸುಳ್ಳ ಹೇಳಬ್ಯಾಡ್ರಿ. ಮೊದಲಿನಂಗ ಇಲ್ಲ."

ಅವನು ಸ್ವಲ್ಪ ಯೋಚಿಸಿದ. "ಇಲ್ಲ. ಆದ್ರೂ ನನಗ ಸೇರ್ತೈತಿ." ಆಮೇಲೆ ಚೀಟಿ ಎತ್ತಿಕೊಂಡು, "ಆರು ವಾರ ಅಂದ್ರ ಯಾವ ತಾರೀಖು ಬರ್ತೈತಿ? ನಾನೂ ಬರ್ತೀನಿ ದವಾಖಾನಿಗೆ" ಎಂದ.

ಅಂದೇ ಪಡಸಾಲೆಯ ಹಾಸಿಗೆ ಒಳಗೆ ಬಂತು. ಆರು ವಾರದ ನಂತರದ ತಪಾಸಣೆಯಲ್ಲಿ ಗಂಟು ಮೆತ್ತಗಾಗಿತ್ತು, ಸೋಂಕು ಹೋಗಿತ್ತು. ನೋವು ಒಮ್ಮೆಲೇ ಮಾಯವಾಗಲಿಲ್ಲ. ಆದರೆ ನೋಯುತ್ತದೆಂದರೆ ಅವನು ನಿಲ್ಲಿಸುತ್ತಿದ್ದ, ಮತ್ತು ಅವಳು ಹೇಳುತ್ತಿದ್ದಳು. ಬರುಬರುತ್ತ ಹೇಳುವ ಪ್ರಸಂಗವೇ ಕಡಿಮೆಯಾಯಿತು. ಹೋದ ಆರು ಕಿಲೋದಲ್ಲಿ ನಾಲ್ಕು ತಿರುಗಿ ಬಂದವು.

ಮುಂದೆ ಬಬಲೇಶ್ವರದಲ್ಲಿ ಬಂಧುಗಳ ಮದುವೆಯಿತ್ತು. ಪಂಕ್ತಿಯಲ್ಲಿ ಬಡಿಸುತ್ತಿದ್ದ ಚಿಕ್ಕಮ್ಮ ಗೌರಾಬಾಯಿ ಎಲ್ಲರ ಮುಂದೆ, "ಏನ ಸೌಭಾಗ್ಯ, ಮತ್ತ ದಪ್ಪ ಆಗೀಯಲ್ಲ" ಎಂದಳು. ಮೊದಲಾಗಿದ್ದರೆ ಆ ಮಾತು ಅವಳನ್ನು ಊಟದಿಂದ ಎಬ್ಬಿಸುತ್ತಿತ್ತು.

"ಹೌದ್ರಿ ಚಿಗವ್ವ, ಆರಾಮ ಅದೀನಿ" ಎಂದು ಸೌಭಾಗ್ಯ ಎಲೆಯನ್ನು ಮುಂದೆ ಸರಿಸಿದಳು. "ಹೋಳಿಗಿ ಇನ್ನೊಂದು ಹಾಕ್ರಿ. ತುಪ್ಪ ಸ್ವಲ್ಪ ಜಾಸ್ತೀನ ಬರ್ಲಿ."