ಮಗ್ಗಕ್ಕೆ ಇಬ್ಬರು ಮಿಸ್ತ್ರಿ, ಅನಸವ್ವನಿಗೆ ಒಬ್ಬರೇ ಡಾಕ್ಟರು

ಬನಹಟ್ಟಿಯ ಆ ಓಣಿಯಲ್ಲಿ ಮಗ್ಗದ ಸಪ್ಪಳ ನಿಂತರೆ ಮಾತ್ರ ಜನ ತಲೆಯೆತ್ತಿ ನೋಡುತ್ತಾರೆ. ಪ್ರಭುಲಿಂಗನ ಮನೆಯಲ್ಲಿ ಸಪ್ಪಳ ನಿಂತಿರಲಿಲ್ಲ. ಎಂಟು ದಿನದಿಂದ ಮಾತು ನಿಂತಿತ್ತು. ಹೆಂಡತಿ ಅನಸವ್ವ ನೂಲಿನ ಕಂಡಿಕೆ ಸುತ್ತಲು ಕೂತರೆ ಸಾಕು, ಪಡಸಾಲೆಯಲ್ಲಿದ್ದವರು ಕಬ್ಬಿನ ದರದ ಮಾತಿಗೆ ಹೊರಳುತ್ತಿದ್ದರು. ಬೀಗರು ಬಂದು ಬಾಳೆಹಣ್ಣು ಕೊಟ್ಟು, ಅವಳ ಮುಖ ನೋಡದೆ ಎದ್ದು ಹೋಗುತ್ತಿದ್ದರು.

ಅನಸವ್ವನಿಗೆ ಅರವತ್ತೆರಡು. ಎರಡು ವರ್ಷದ ಹಿಂದೆ ದೊಡ್ಡ ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎದೆಯ ಗಂಟು ತೆಗೆಸಿಕೊಂಡಿದ್ದಳು. ಈಗ ಬೆನ್ನು ಮುರಿದು ಬೀಳುವಂಥ ನೋವು. ಮತ್ತೆ ಅಲ್ಲಿಗೇ ಹೋದರು. ಸ್ಕ್ಯಾನ್ ಆದ ಮೇಲೆ ಡಾಕ್ಟರು ಅವಳನ್ನು ಹೊರಗೆ ಕೂರಿಸಿ ಗಂಡನನ್ನಷ್ಟೇ ಒಳಗೆ ಕರೆದರು. ಬಸ್ಸಿನಲ್ಲಿ ಗಂಡ ಕಿಟಕಿಯ ಕಡೆಗೇ ನೋಡುತ್ತ ಬಂದ. ಮನೆಗೆ ಬಂದವನೇ ಫೈಲಿನ ಚೀಲವನ್ನು ಗೋಡೆಯ ಗೂಟಕ್ಕೆ, ಅವಳ ಕೈಗೆ ಎಟುಕದಷ್ಟು ಮೇಲೆ ತೂಗುಹಾಕಿದ.

ಅವಳ ಅತ್ತೆ ಮರೆವ್ವನೂ ಹೀಗೇ ತೀರಿಹೋಗಿದ್ದಳು. ರೋಗ ಏನೆಂದು ಓಣಿಗೆಲ್ಲ ಗೊತ್ತಿತ್ತು, ಮರೆವ್ವನಿಗೆ ಗೊತ್ತಿರಲಿಲ್ಲ. ಮುಚ್ಚಿಟ್ಟವರಲ್ಲಿ ಅನಸವ್ವನೂ ಒಬ್ಬಳು. ಅದನ್ನು ಅವಳು ಮರೆತಿರಲಿಲ್ಲ.

ಒಂಬತ್ತನೇ ದಿನ ಅನಸವ್ವನ ಬಿ.ಪಿ. ನೋಡಲು ಪೂರ್ಣಿಮಾ ಬಂದಳು. ಅದೇ ಓಣಿಯ ಸೊಸೆ, ಚಿಮ್ಮಡದ ಆರೋಗ್ಯ ಕೇಂದ್ರದಲ್ಲಿ ನರ್ಸು.

“ಪೂರ್ಣಿಮಾ, ಆ ಚೀಲಾ ಇಳಸು. ಓದಿ ಹೇಳು.”

ಪ್ರಭುಲಿಂಗ ಮಗ್ಗ ನಿಲ್ಲಿಸಿ ಓಡಿ ಬಂದ. “ಬ್ಯಾಡವಾ! ಆಕಿಗೆ ಯಾಕ ತ್ರಾಸ?”

“ಮೈ ನಂದು, ನೋವು ನಂದು. ಕಾಗದಾ ಅಷ್ಟ ನಿಮ್ದೇನ್ರಿ?” ಎಂದಳು ಅನಸವ್ವ.

ಅವನು ಅಲ್ಲೇ ನೆಲದ ಮೇಲೆ ಕೂತ. “ನಾಕನೇ ಸ್ಟೇಜ್ ಅಂತ. ಬೆನ್ನೆಲುಬಿಗೆ ಹತ್ತೈತಿ. ಇನ್ನ ಏನೂ ಇಲ್ಲ, ಮನಿಗೆ ಕರಕೊಂಡ ಹೋಗಿ ಚಂದಂಗ ನೋಡಕೋರಿ ಅಂದ್ರು.”

“ಎಷ್ಟೊತ್ತು ಮಾತಾಡಿದ್ರು?” ಎಂದು ಪೂರ್ಣಿಮಾ ಕೇಳಿದಳು.

“ನಾ ಕುರ್ಚಿ ಮ್ಯಾಲೆ ಕುಂದ್ರೂದ್ರಾಗ ಮುಗೀತು.”

ಅನಸವ್ವನಿಗೆ ಅಳು ಬರಲಿಲ್ಲ. ಸಿಟ್ಟು ನೆತ್ತಿಗೇರಿತು. “ಅದಕ್ಕ ಎಂಟು ದಿನಾ ನನ್ನ ಮುಂದ ಕಬ್ಬಿನ ರೇಟ್ ಮಾತಾಡಿದ್ರಿ!”

ಪೂರ್ಣಿಮಾ ಕಾಗದಗಳನ್ನು ಒಂದೊಂದಾಗಿ ತಿರುವಿದಳು. “ಕಾಕು, ನಾ ಡಾಕ್ಟರ್ ಅಲ್ಲ. ಆದ್ರ ತಗದ ಗಂಟು ಹಾರ್ಮೋನಿಂದ ಬೆಳಿಯೂದೋ ಅಲ್ಲೋ ಅಂತ ಒಂದು ಪರೀಕ್ಷಾ ಇರ್ತೈತಿ. ಅದನ್ನ ನೋಡಿ ಔಷಧ ಕೊಡ್ತಾರ. ಆ ಕಾಗದಾನ ಇದರಾಗ ಇಲ್ಲ. ಕ್ಯಾನ್ಸರ್ ತಜ್ಞರು ಇರೂ ಇನ್ನೊಂದ ಕಡೆ ತೋರಸ್ರಿ.”

“ಆಗೂದಿಲ್ಲ ಬಿಡವಾ,” ಎಂದ ಪ್ರಭುಲಿಂಗ. “ಡಾಕ್ಟರು ಸಿಟ್ಟಾಗ್ತಾರ. ಒಬ್ಬ ಸಾವಕಾರನ ಹಾಸಿನ ನೂಲು ಮಗ್ಗದ ಮ್ಯಾಲೆ ಇರೂತನಾ ಇನ್ನೊಬ್ಬನ ಬಾಗಲಾ ತುಳೀಬಾರದು. ನಮ್ಮಪ್ಪ ಕಲಿಸಿದ್ದು.”

ಅದು ಆ ಓಣಿಯ ಮರ್ಯಾದೆ. ಒಬ್ಬರ ನೂಲು ತಂದು ಇನ್ನೊಬ್ಬರ ಮನೆಗೆ ಹೋದವನಿಗೆ ಆಮೇಲೆ ಇಬ್ಬರೂ ನೂಲು ಕೊಡುವುದಿಲ್ಲ. ನಲವತ್ತು ವರ್ಷ ಅನಸವ್ವನೂ ಆ ಮಾತಿಗೆ ತಲೆದೂಗಿದ್ದಳು. ಇವತ್ತು ಕೇಳಿ ಮೈ ಉರಿಯಿತು.

“ನಾ ಏನು ಆ ಡಾಕ್ಟರ ನೂಲೇನ್ರಿ? ಹೊಳಿ ನೀರು ಮನಿಗೆ ಬಂದ ವರ್ಷ ಇದ ಮಗ್ಗ ನಿಂತಿತ್ತು. ಇಲ್ಲಿ ಮಿಸ್ತ್ರಿ ನೋಡಿ ಗುಜರಿಗೆ ಹಾಕು ಅಂದ. ನೀವು ಹಾಕಿದ್ರೇನ್ರಿ?”

ಪ್ರಭುಲಿಂಗ ಮಗ್ಗದ ಕಡೆ ಮುಖ ತಿರುಗಿಸಿದ.

“ಮಾತಾಡ್ರಿ! ಮರುದಿನಾನ ರಬಕವಿಗೆ ಹೋಗಿ ಮುತ್ತಣ್ಣ ಮಿಸ್ತ್ರಿನ್ನ ಗಾಡಿ ಮ್ಯಾಲೆ ಕುಂಡ್ರಿಸ್ಕೊಂಡ ಬಂದ್ರಿ. ಮಗ್ಗ ಇನ್ನೂ ಓಡಾಕತ್ತೈತಿ. ಕಬ್ಬಿಣಕ್ಕ ಎರಡನೇ ಮಿಸ್ತ್ರಿ ಬಂದ. ನಲವತ್ತು ವರ್ಷ ನಿಮ್ಮ ಕಂಡಿಕಿ ಸುತ್ತಿದಾಕಿಗೆ ಯಾರು ಬಂದ್ರು?”

ಪ್ರಭುಲಿಂಗ ಎದ್ದು ಚೀಲವನ್ನು ಹೆಗಲಿಗೆ ಹಾಕಿಕೊಂಡ.

ಏನೇನು ಕೇಳಿ ತರಬೇಕೆಂದು ಪೂರ್ಣಿಮಾ ಚೀಟಿ ಬರೆದುಕೊಟ್ಟಳು: ಆಪರೇಷನ್ ಆದಾಗಿನ ವರದಿ, ಸ್ಕ್ಯಾನಿನ ಸಿ.ಡಿ., ತೆಗೆದ ಗಂಟಿನ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕು. ಮೊದಲಿನ ಆಸ್ಪತ್ರೆಯ ಕೌಂಟರಿನವನು ಚೀಟಿ ನೋಡಿ ಹುಬ್ಬೇರಿಸಿದ. “ಯಾಕ, ನಮ್ಮ ಮ್ಯಾಲೆ ನಂಬಿಗಿ ಇಲ್ಲೇನು?”

ಪ್ರಭುಲಿಂಗ ಒಂದು ಹೆಜ್ಜೆ ಹಿಂದೆ ಸರಿದ. ಅನಸವ್ವ ಸರಿಯಲಿಲ್ಲ. “ಅದು ನನ್ನ ಮೈಯಾಗಿಂದ ತಗದದ್ದಪಾ. ಸಹಿ ಹಾಕಸ್ಕೊ, ಕೊಡು.”

ಡಾಕ್ಟರ ಸಹಿಯೂ ಬೇಕಿತ್ತು. ಅವರು “ಹೂಂ, ತೋರಸ್ರಿ” ಎಂದು ಸಹಿ ಮಾಡಿದರು. ಸಿಟ್ಟಾಗಲಿಲ್ಲ. ಮುಖವನ್ನೂ ಎತ್ತಲಿಲ್ಲ.

ಹೊರಗೆ ಬಂದು ಪ್ರಭುಲಿಂಗ ಕಟ್ಟೆಯ ಮೇಲೆ ಕೂತುಬಿಟ್ಟ. “ಇವರಿಗೆ ನಮ್ಮ ಗುರ್ತ ಸೈತ ಹತ್ತಲಿಲ್ಲ. ಇವರು ಸಿಟ್ಟಾಗ್ತಾರಂತ ನಾ ನಿನ್ನ ಮನ್ಯಾಗ ಕುಂಡ್ರಿಸಿದ್ನಲ್ಲಾ!”

ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೂವರು ತಜ್ಞರು ಕೂಡಿ ಕೂತು ಕಾಗದ ನೋಡಿದರು. ಹಾರ್ಮೋನಿನ ಆ ಪರೀಕ್ಷೆಯನ್ನು ಮೊದಲಿನವರು ಮಾಡೇ ಇರಲಿಲ್ಲ. ಬ್ಲಾಕಿನಿಂದ ಮಾಡಿಸಿದರು. ಹನ್ನೆರಡು ದಿನಕ್ಕೆ ಉತ್ತರ ಬಂತು. ಅಲ್ಲಿನ ಡಾಕ್ಟರಮ್ಮ ಅನಸವ್ವನನ್ನೇ ಎದುರಿಗೆ ಕೂರಿಸಿಕೊಂಡರು.

“ಅವ್ವಾರ, ರೋಗ ಪೂರ್ತಿ ಹೋಗೂದಿಲ್ಲ, ಸುಳ್ಳ ಹೇಳೂದಿಲ್ಲ. ಆದ್ರ ನಿಮ್ಮದು ಹಾರ್ಮೋನಿಂದ ಬೆಳಿಯೂ ಜಾತಿ. ಗುಳಿಗಿ ಕೊಟ್ಟು ಹತೋಟಿಗೆ ತರಾಕ ನೋಡೂಣು. ಬೆನ್ನಿನ ನೋವಿಗೆ ಕರೆಂಟ್, ಅಂದ್ರ ರೇಡಿಯೇಶನ್, ಕೊಡೂಣು. ಎಷ್ಟು ವರ್ಷ ಅಂತ ಹೇಳಾಕ ಬರೂದಿಲ್ಲ. ವರ್ಷಗಟ್ಟಲೆ ಚಲೋ ಇದ್ದವರು ಅದಾರ.”

“ಮೊದಲಿನವರು ಹೇಳಿದ್ದು ಸುಳ್ಳೇನ್ರಿ?”

“ಸ್ಟೇಜ್ ಖರೆ. ಏನೂ ಇಲ್ಲ ಅಂದದ್ದು ಖರೆ ಅಲ್ಲ.”

ಏಳು ತಿಂಗಳಾಯಿತು. ಅನಸವ್ವ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕಂಡಿಕೆ ಸುತ್ತುತ್ತಾಳೆ. ಪ್ರಭುಲಿಂಗ ಗೂಟ ಕಿತ್ತು ಕೆಳಗೆ ಹೊಡೆದಿದ್ದಾನೆ. ಚೀಲ ಈಗ ಅವಳ ಕೈಗೆ ಎಟುಕುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಚೀಲ ಮೇಲೆ ತೂಗುತ್ತಿದ್ದರೆ ಇವತ್ತೇ ಇಳಿಸಿ. ರೋಗಿಯ ಕೈಗೆ ಕೊಡಿ. ಇನ್ನೊಬ್ಬ ತಜ್ಞರನ್ನು ಕೇಳುವುದು ಮೊದಲಿನವರಿಗೆ ಮಾಡಿದ ದ್ರೋಹವಲ್ಲ. ವರದಿ, ಬ್ಲಾಕು ಕೇಳಿ ಪಡೆಯಿರಿ, ನಾಚಿಕೆ ಬೇಡ. ನಡೆಯುತ್ತಿರುವ ಚಿಕಿತ್ಸೆಯನ್ನು ನೀವಾಗಿ ನಿಲ್ಲಿಸಬೇಡಿ, ಬೇರು-ಬೂದಿ ಕೊಡುವವರ ಹಿಂದೆ ಓಡಬೇಡಿ, ತಡವನ್ನೂ ಮಾಡಬೇಡಿ. ಎರಡನೆಯವರೂ ಅದೇ ಮಾತು ಹೇಳಬಹುದು. ಹೇಳಲಿ. ಆಗಲೂ ನೋವಿಗೆ ಔಷಧವಿದೆ, ಕೇಳಿ.

ಮರೆವ್ವನನ್ನು ಆ ಓಣಿಯವರು ಯಾರೂ ನಿನಗೇನು ಬೇಕೆಂದು ಒಂದು ಮಾತು ಕೇಳಲಿಲ್ಲ. ನಿಮ್ಮ ಮನೆಯವರನ್ನು ನೀವು ಕೇಳಿ.